ಮೂರನೇ ದರ್ಜೆಯ ನೆಲ

ನಗರಸಭೆ, ಪುರಸಭೆಗಳ ಕಂದಾಯ ವಿಭಾಗಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ಹುಡುಕಿಕೊಂಡು ಬಾಗಲಕೋಟೆಯ ನವನಗರದ ಮನೆಗೆ ಬರುತ್ತಾರೆ. ಅವರು ಕೇಳುವ ಮೊದಲ ಪ್ರಶ್ನೆ ಕಂಪ್ಯೂಟರಿನದು. ನಾನು ಹೇಳುವ ಮೊದಲ ಮಾತು ಚಪ್ಪಲಿಯದು. ಪಟ್ಟಿ ಬಿಗಿಯುವ ಗೋಜಿಲ್ಲದ, ಕಾಲು ಜಾರಿಸಿ ಬಿಡಬಹುದಾದ ಚಪ್ಪಲಿ ಕೊಂಡುಕೊಳ್ಳಿ ಅನ್ನುತ್ತೇನೆ. ಮುದುಕಿಗೆ ಅರಳುಮರಳು ಅಂದುಕೊಂಡು ಅವರು ನಗುತ್ತಾರೆ. ಮನೆಗೆ ತೆರಿಗೆ ಹಾಕುವವರು ಮನೆಯ ಒಳಗೆ ಹೋಗಲೇಬೇಕು, ನಮ್ಮ ಕಡೆ ಒಳಗೆ ಹೋಗಬೇಕಾದರೆ ಚಪ್ಪಲಿ ಬಿಡಲೇಬೇಕು. ಹೊಸ್ತಿಲಲ್ಲಿ ಕೂತು ಬೂಟಿನ ದಾರ ಬಿಚ್ಚುವಷ್ಟರಲ್ಲಿ ಒಳಗಿನ ಬಾಡಿಗೆದಾರ ಹಿತ್ತಲ ಬಾಗಿಲಿನಿಂದ ಹೋಗಿಬಿಟ್ಟಿರುತ್ತಾನೆ.

ನಾನು ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದು ಸೇವಾ ಪುಸ್ತಕದಲ್ಲಿದೆ. ಅದನ್ನು ಓದಿ ಯಾರಿಗೂ ಉಪಯೋಗವಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್, ಈ ನಾಲ್ಕು ಊರುಗಳ ಸುತ್ತಲೇ ನನ್ನ ನೌಕರಿ ಮುಗಿಯಿತು ಅಂದರೆ ಸಾಕು. ಕೆಲಸ ಎರಡೇ. ಯಾವ ಮನೆಗೆ ಎಷ್ಟು ತೆರಿಗೆ ಎಂದು ಗೊತ್ತುಮಾಡುವುದು ಒಂದು. ಆ ತೆರಿಗೆ ಬಂದೇ ಬರುತ್ತದೆ ಎಂದು ನಂಬಿ ಮುಂದಿನ ವರ್ಷದ ಬಜೆಟ್ ಬರೆಯುವುದು ಇನ್ನೊಂದು. ಮೊದಲನೆಯದಕ್ಕೆ ಕಣ್ಣು ಬೇಕು, ಎರಡನೆಯದಕ್ಕೆ ಧೈರ್ಯ ಬೇಕು. ನನಗೆ ಕಣ್ಣು ಚೆನ್ನಾಗಿತ್ತು.

ಕಣ್ಣು ಕೊಟ್ಟವರು ಹಿರೇಮಠ ಸರ್, ಬಾದಾಮಿಯಲ್ಲಿ ನನ್ನ ಮೊದಲ ಮೇಲಧಿಕಾರಿ. ಕಡ್ಡಿಯಂತಹ ಆಸಾಮಿ. ಮಳೆ ಇರಲಿ ಬಿಡಲಿ ಬಗಲಲ್ಲಿ ಕೊಡೆ. ನಗುವುದು ಕಡಿಮೆ. ಆಗ ಇದ್ದದ್ದು ಬಾಡಿಗೆಯ ಲೆಕ್ಕ. ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬಂದೀತು ಎಂದು ಅಂದಾಜು ಮಾಡಿ ಅದರ ಮೇಲೆ ತೆರಿಗೆ ಹಾಕಬೇಕಿತ್ತು. ನಾವು ಓಣಿಗೆ ಕಾಲಿಟ್ಟ ಕೂಡಲೇ ಅಲ್ಲಿನ ಮನೆಗಳೆಲ್ಲ ಪಾಳುಮನೆಗಳಾಗಿಬಿಡುತ್ತಿದ್ದವು. ಒಂದು ಮನೆಯ ಯಜಮಾನರು ಕೈಮುಗಿದು, “ಸಾಹೇಬ್ರ, ಈ ಮನ್ಯಾಗ ಇಲಿ ಸೈತ ಬಾಡಿಗಿ ಕೊಟ್ಟ ಇರೂದಿಲ್ರಿ,” ಅಂದರು. ಅಷ್ಟರಲ್ಲಿ ಒಳಕೋಣೆಯಿಂದ ಹೆಗಲಿಗೆ ಟವೆಲ್ ಹಾಕಿಕೊಂಡ ಒಬ್ಬರು ಹೊರಬಂದು, “ಮಾಲಕ್ರ, ಈ ತಿಂಗಳದ್ದು ಸೋಮವಾರ ಕೊಡ್ತೇನ್ರಿ,” ಎಂದು ಹೇಳಿ ಸ್ನಾನಕ್ಕೆ ಹೋದರು. ಹಿರೇಮಠ ಸರ್ ನಗಲಿಲ್ಲ. “ಇಲಿ ದೊಡ್ಡದೈತಿ,” ಅಂದು ಬರೆದುಕೊಂಡರು.

ಬಾದಾಮಿಯಲ್ಲಿ ಕೂಲಿಯವನ ಮನೆಗೂ ಕಡೆದ ಕೆಂಪುಕಲ್ಲಿನ ಗೋಡೆ ಇರುತ್ತದೆ. ಹೊಸಬಳಾದ ನಾನು ಆ ಗೋಡೆಗಳನ್ನು ನೋಡಿ ಮರುಳಾಗಿ ಸಾಲಾಗಿ ಆರೇಳು ಮನೆಗಳಿಗೆ ‘ಉತ್ತಮ ಕಟ್ಟಡ’ ಎಂದು ಬರೆದೆ. ಸರ್ ಅದನ್ನು ಓದಿ ಕೊಡೆಯ ತುದಿಯಿಂದ ಗೋಡೆ ತಟ್ಟಿದರು.

“ಬಾಯಾರ, ಬಾದಾಮ್ಯಾಗ ಗ್ವಾಡಿ ನೋಡಿ ಪಟ್ಟಿ ಹಾಕಿದ್ರ ಎಲ್ಲಾರೂ ರಾಜರ ಆಗ್ತಾರ. ಇಲ್ಲೆ ಕಲ್ಲು ಬಿಟ್ರ ಬ್ಯಾರೆ ಏನ ಸಿಗತೈತಿ? ಗುಡ್ಡದಾಗಿಂದು ತಂದ ಕಟ್ಯಾರ. ಮ್ಯಾಲ ನೋಡ್ರಿ. ಮಾಳಗಿ ಏನ ಹೇಳತೈತಿ ಕೇಳ್ರಿ.”

ಮೇಲೆ ನೋಡಿದೆ. ಮಣ್ಣಿನ ಮಾಳಿಗೆ. ಜಂತಿಗಳ ನಡುವೆ ನೀರು ಇಳಿದ ಕಲೆ, ಕಲೆಯ ನೇರಕ್ಕೆ ನೆಲದ ಮೇಲೆ ಒಂದು ತಪ್ಪಲೆ. ಅಂದಿನಿಂದ ಯಾವ ಮನೆಗೆ ಹೋದರೂ ಮೊದಲು ಕತ್ತೆತ್ತುವುದು ರೂಢಿಯಾಯಿತು. ಹಾಗೆ ಕತ್ತೆತ್ತಿಕೊಂಡು ನಡೆದು ಒಮ್ಮೆ ಜೋಳದ ಹಿಟ್ಟಿನ ಬುಟ್ಟಿಯಲ್ಲಿ ಕಾಲಿಟ್ಟೆ. ಆ ಮನೆಯಾಕೆ ಏನೂ ಅನ್ನಲಿಲ್ಲ, ಆದರೆ ಆ ವರ್ಷದ ಪಟ್ಟಿ, ಅಂದರೆ ತೆರಿಗೆ, ತುಂಬಲು ಬಂದಾಗ ಹಿಟ್ಟಿನ ವಿಷಯ ನೆನಪಿಸಿದರು.

ಬಜೆಟ್ಟಿನ ಪಾಠ ಬಾಗಲಕೋಟೆಯಲ್ಲಿ ಆಯಿತು. ಈ ವರ್ಷ ಯಾವ ಮನೆಯಿಂದ ಎಷ್ಟು ತೆರಿಗೆ ಬರಬೇಕು ಎಂಬ ಯಾದಿಗೆ ಬೇಡಿಕೆ ಪಟ್ಟಿ ಅನ್ನುತ್ತೇವೆ. ಅಣೆಕಟ್ಟಿನ ಹಿನ್ನೀರು ಬಂದು ಹಳೇ ಊರಿನ ಓಣಿಗಳು ಒಂದೊಂದಾಗಿ ಖಾಲಿಯಾದ ಮೇಲೂ ಅವುಗಳ ಮನೆಗಳು ಬೇಡಿಕೆ ಪಟ್ಟಿಯಲ್ಲಿ ಉಳಿದಿದ್ದವು. ಆ ತೆರಿಗೆಯನ್ನು ನಂಬಿ ಖರ್ಚು ಬರೆದರೆ ಖರ್ಚು ಆಗುತ್ತದೆ, ತೆರಿಗೆ ಬರುವುದಿಲ್ಲ. ತೆಗೆದುಹಾಕುವ ಕೆಲಸ ನನ್ನ ಪಾಲಿಗೆ ಬಂತು. ಮನೆ ನಂಬರಿನ ಮುಂದೆ ಗೆರೆ ಹೊಡೆದು ‘ನೀರು’ ಎಂದು ಬರೆಯಬೇಕು. ಒಂದು ಮಧ್ಯಾಹ್ನ ನನ್ನ ತವರುಮನೆಯ ನಂಬರು ಬಂತು. ಅದಕ್ಕೂ ಗೆರೆ ಹೊಡೆದು ‘ನೀರು’ ಎಂದು ಬರೆದೆ. ಬಹಳ ಬೇಸರವಾಯಿತು. ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟು ಕೂತೆ, ಆಮೇಲೆ ಮುಂದಿನ ನಂಬರು ತೆಗೆದುಕೊಂಡೆ.

ಇನ್ನು ಬಜೆಟ್ ಸಭೆಯ ಬಗ್ಗೆ ಹೊಸಬರಿಗೆ ಒಂದು ಎಚ್ಚರಿಕೆ. ಭಾಷಣ ಬರೆಯುವವರು ನಾವು, ಓದುವವರು ಅಧ್ಯಕ್ಷರು. ಓದುವಾಗಲೇ ಅವರು ಅದನ್ನು ಮೊದಲ ಬಾರಿ ನೋಡುತ್ತಿರುತ್ತಾರೆ. ಕೈಬರಹ ಹೋಗಿ ಕಂಪ್ಯೂಟರ್ ಬಂದ ಹೊಸತರಲ್ಲಿ, ಯಾವ ಊರು ಎಂದು ಹೇಳುವುದಿಲ್ಲ, ಕೋಷ್ಟಕದ ಒಂದು ಸಾಲು ಕೆಳಗೆ ಜಾರಿತು. ಅಧ್ಯಕ್ಷರು ಗಂಭೀರವಾಗಿ ಓದಿದರು: ಸ್ಮಶಾನಕ್ಕೆ ಜೋಕಾಲಿ ಹಾಗೂ ಜಾರುಬಂಡಿ, ಮಕ್ಕಳ ಉದ್ಯಾನಕ್ಕೆ ಹೆಣ ಸುಡುವ ಕಟ್ಟೆ ಮತ್ತು ತಗಡಿನ ಮೇಲ್ಛಾವಣಿ. ಸದಸ್ಯರು ಮೇಜು ಕುಟ್ಟಿದರು. ಸರ್ವಾನುಮತದಿಂದ ಪಾಸಾಯಿತು. ಕೊನೆಗೆ ಒಬ್ಬ ಹಿರಿಯ ಸದಸ್ಯರು ನಿಧಾನವಾಗಿ ಎದ್ದು ನಿಂತರು.

“ಅಧ್ಯಕ್ಷರ, ಜೋಕಾಲಿಗೆ ಈಗ ಗಡಿಬಿಡಿ ಇಲ್ರಿ. ನಾ ಹೆಂಗೂ ಅಲ್ಲಿ ಹೋಗಾಂವ ಅದೇನಿ, ಹ್ವಾದ ಮ್ಯಾಲ ಆಡತೇನಿ.”

ಬಜೆಟ್ಟನ್ನು ಯಾರೂ ಓದುವುದಿಲ್ಲ ಎಂದು ಆಗ ಖಾತ್ರಿಯಾಯಿತು. ಅಲ್ಲಿಂದ ಮುಂದೆ ಪ್ರತಿ ವರ್ಷವೂ ನಾನೇ ಎರಡು ಸಲ ಓದುತ್ತಿದ್ದೆ.

ಈಗ ಹೇಳಬೇಕೆಂದು ಕೂತ ವಿಷಯಕ್ಕೆ ಬರುತ್ತೇನೆ. ಈ ಊರಿನ ಹೆಸರನ್ನೂ ಬರೆಯುವುದಿಲ್ಲ. ಇಳಕಲ್, ಹುನಗುಂದದ ಕಡೆ ಓಡಾಡಿದವರು ಊಹಿಸಿಕೊಳ್ಳಬಹುದು. ಸುತ್ತ ಗ್ರಾನೈಟ್ ಕಲ್ಲಿನ ಗಣಿಗಳು, ಊರ ಹೊರಗೆ ಆ ಕಲ್ಲನ್ನು ಕೊಯ್ದು ಹೊಳಪು ಕೊಡುವ ಕಾರ್ಖಾನೆಗಳು. ಕೊಯ್ದು ಮಿಕ್ಕ ಚೂರುಗಳನ್ನು ರಸ್ತೆಯ ಪಕ್ಕ ಸುರಿದಿರುತ್ತಾರೆ. ಬೇಕಾದವರು ತಲೆಯ ಮೇಲೆ ಹೊತ್ತು ತರಬಹುದು, ಯಾರೂ ಕೇಳುವುದಿಲ್ಲ. ಹಾಗಾಗಿ ಆ ಊರಿನಲ್ಲಿ ಬಡವರ ಮನೆಯ ನೆಲವೂ ಗ್ರಾನೈಟ್, ಬಚ್ಚಲೂ ಗ್ರಾನೈಟ್, ಆಡು ಕಟ್ಟುವ ಜಾಗವೂ ಗ್ರಾನೈಟ್. ದುಡ್ಡಿದ್ದವರು ಮಾತ್ರ ಗುಜರಾತಿನಿಂದ ಹೊಳೆಯುವ ಟೈಲ್ಸ್ ತರಿಸಿ ಹಾಕಿಸುತ್ತಾರೆ. ಅಂಗಳದಲ್ಲೇ ಬಿದ್ದಿರುವ ಕಲ್ಲನ್ನು ಮನೆಯೊಳಗೆ ಹಾಕಿಸಿಕೊಂಡರೆ ದೊಡ್ಡಸ್ತಿಕೆ ಎಲ್ಲಿ ಉಳಿಯುತ್ತದೆ?

ಆ ಹೊತ್ತಿಗೆ ಬಾಡಿಗೆಯ ಲೆಕ್ಕ ಹೋಗಿ ಸ್ವಯಂ ಘೋಷಣೆ ಬಂದಿತ್ತು. ಮಾಲೀಕರೇ ತಮ್ಮ ಮನೆಯ ಅಳತೆ, ಛಾವಣಿ, ನೆಲ ಎಲ್ಲವನ್ನೂ ಬರೆದು ತೆರಿಗೆ ಕಟ್ಟಬೇಕು. ನೆಲಕ್ಕೆ ಮೂರು ದರ್ಜೆ ಎಂದು ಮೇಲಿನಿಂದ ಅಚ್ಚಾದ ಕೋಷ್ಟಕ ಬಂತು. ಗ್ರಾನೈಟ್, ಅಮೃತಶಿಲೆ ಮೊದಲನೇ ದರ್ಜೆ. ಟೈಲ್ಸ್ ಎರಡನೇ ದರ್ಜೆ. ಫರಸಿ ಎಂಬ ಒರಟು ಹಾಸುಗಲ್ಲು, ಮಣ್ಣು ಮೂರನೇ ದರ್ಜೆ. ದರ್ಜೆಗಳನ್ನು ಊರಿಗೆ ತಕ್ಕಂತೆ ತಿದ್ದಿ ದರವನ್ನು ಅಂತಿಮಗೊಳಿಸುವುದು ಊರಿನ ಸಭೆಯ ಕೆಲಸ, ಅದು ಬಜೆಟ್ಟಿನ ಜೊತೆಗೇ ಆಗಬೇಕು. ಆ ಕೋಷ್ಟಕ ಬರೆದವರು ನಮ್ಮ ಕಡೆ ಎಂದೂ ಬಂದವರಲ್ಲ ಎಂದು ನೋಡಿದ ಕೂಡಲೇ ತಿಳಿಯಿತು.

ನಮ್ಮ ಮುಖ್ಯಾಧಿಕಾರಿ ಪ್ರಸನ್ನ ಮೈಸೂರು ಕಡೆಯವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಒಳ್ಳೆಯವರು. ಹೊರಗಿನ ಸರ್ವೆ ತಂಡವೊಂದು ಮನೆಮನೆಯ ಬಾಗಿಲಲ್ಲಿ ನಿಂತು ಇಣುಕಿ ಬರೆದುಕೊಂಡು ಬಂದ ಪಟ್ಟಿಯನ್ನು ಅವರು ನನ್ನ ಮುಂದೆ ಹಿಡಿದರು.

“ನೋಡಿ ಮೇಡಂ, ಗುಡ್ಡದ ಪ್ಲಾಟ್ ಬಡವರ ಬಡಾವಣೆ ಅಂತಾರೆ. ಒಂದು ಮನೆ ಬಿಡದೆ ಎಲ್ಲ ಗ್ರಾನೈಟ್. ಇಷ್ಟು ವರ್ಷ ಇವರಿಗೆ ಕಡಿಮೆ ತೆರಿಗೆ ಹಾಕಿ ಸುಮ್ಮನೆ ಕೂತಿದ್ದೀವಿ.”

ಗುಡ್ಡದ ಪ್ಲಾಟ್ ಅಂದರೆ ಕಲ್ಲಿನ ಕೆಲಸಗಾರರ ಸಾಲುಮನೆಗಳು. ಮೇಲೆ ತಗಡು, ತಗಡು ಹಾರದಂತೆ ಅದರ ಮೇಲೆ ಕಲ್ಲು. ಅದನ್ನೇ ಹೇಳಿದೆ. ಕೋಷ್ಟಕದಲ್ಲಿ ಗ್ರಾನೈಟ್ ಇದ್ದರೆ ಛಾವಣಿ ಯಾವುದಾದರೂ ಮೊದಲನೇ ದರ್ಜೆಯೇ ಎಂದು ಅವರು ಬೆರಳಿಟ್ಟು ತೋರಿಸಿದರು. ಪ್ಲಾಟಿನ ಜನ ಮೊದಲು ಕಟ್ಟುತ್ತಿದ್ದದ್ದರ ಮೂರರಷ್ಟು ಕಟ್ಟಬೇಕು. ಆ ಹೆಚ್ಚಿನ ಹಣವನ್ನು ಪ್ರಸನ್ನ ಬಜೆಟ್ಟಿನಲ್ಲಿ ಆಗಲೇ ಒಂದು ಕಡೆ ಬರೆದುಬಿಟ್ಟಿದ್ದರು. ಅಧ್ಯಕ್ಷ ಸಂಗನಗೌಡರಿಗೆ ಊರ ಬಾಗಿಲಲ್ಲಿ ಒಂದು ಸ್ವಾಗತ ಕಮಾನು ಆಗಬೇಕಿತ್ತು, ಕಮಾನಿನ ಮೇಲೆ ಅವರ ಹೆಸರು ಬರಬೇಕಿತ್ತು.

ಸಂಗನಗೌಡರದು ದೊಡ್ಡ ಪಾಲಿಶ್ ಕಾರ್ಖಾನೆ, ಎರಡು ಅಂತಸ್ತಿನ ಬಂಗಲೆ. ಘೋಷಣೆ ಪರಿಶೀಲಿಸಲು ನಾನು ಅಲ್ಲಿಗೆ ಹೋದಾಗ ಅವರು ಬಾಗಿಲವರೆಗೆ ಎದ್ದು ಬಂದರು. ನಾನು ಚಪ್ಪಲಿ ಜಾರಿಸುತ್ತಿದ್ದೆ.

“ಅಕ್ಕಾರ, ಹಾಕ್ಕೊಂಡ ಬರ್ರಿ, ಹಾಕ್ಕೊಂಡ ಬರ್ರಿ. ಟೈಲ್ಸ್ ಅದಾವು, ಆಮ್ಯಾಲ ಒರಸ್ತಾರ.”

ಹಾಕಿಕೊಂಡೇ ಹೋದೆ, ಅಳೆದೆ, ಚಹಾ ಕುಡಿದೆ. ಟೈಲ್ಸ್, ಎರಡನೇ ದರ್ಜೆ.

ದರ ಮೂರು ಪಟ್ಟಾಗುತ್ತದೆ ಎಂಬ ಸುದ್ದಿ ಪ್ಲಾಟಿಗೆ ನಮಗಿಂತ ಮುಂಚೆ ತಲುಪಿತು. ಆಮೇಲೆ ಬಂದ ಘೋಷಣೆಗಳಲ್ಲಿ ಪ್ಲಾಟಿನ ಪ್ರತಿ ಮನೆಯ ನೆಲವೂ ‘ಮಣ್ಣು’. ಸರ್ವೆಯವರು ಗ್ರಾನೈಟ್ ಅನ್ನುತ್ತಾರೆ, ಮಾಲೀಕರು ಮಣ್ಣು ಅನ್ನುತ್ತಾರೆ. ಒಬ್ಬರು ಮಾತ್ರ, ದಾವಲಸಾಬ ಎಂಬವರು, ದಪ್ಪ ಅಕ್ಷರದಲ್ಲಿ ‘ಗ್ರಾನೈಟ್’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ಪ್ರಸನ್ನರಿಗೆ ಸಿಟ್ಟು ಬಂತು. ಸುಳ್ಳು ಘೋಷಣೆಗೆ ದಂಡವಿದೆ, ಹೋಗಿ ನೋಡಿ ವರದಿ ಕೊಡಿ ಎಂದು ನನ್ನನ್ನು ಕಳಿಸಿದರು.

ಪ್ಲಾಟಿಗೆ ಕಾಲಿಟ್ಟ ಕೂಡಲೇ ಹೆಂಡಿಯ ವಾಸನೆ ಮೂಗಿಗೆ ಬಂತು. ಹಬ್ಬವಿಲ್ಲ, ಹುಣ್ಣಿಮೆ ಇಲ್ಲ, ಓಣಿಗೆ ಓಣಿಯೇ ಸೆಗಣಿ ಸಾರಿಸಿ ಕೂತಿತ್ತು. ಮೊದಲ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಹಸಿರು ನೆಲ, ಬೆರಳಿನ ಗುರುತುಗಳು ಇನ್ನೂ ಹಸಿ. ಮೂಲೆಯಲ್ಲಿ ನಿಂತ ಹೆಂಗಸು, “ಮಣ್ಣಿನ ನೆಲ್ರಿ ಅಕ್ಕಾರ,” ಅಂದಳು. ಮಣ್ಣಿನ ನೆಲಕ್ಕೆ ಸಾರಿಸಿದರೆ ಅಂಗಾಲಿಗೆ ಮೆತ್ತಗೆ ತಾಗುತ್ತದೆ. ಇದು ಕೊಡದ ತಳದಷ್ಟು ತಣ್ಣಗಿತ್ತು. ಅಲ್ಲದೆ ರೂಢಿಯ ಪ್ರಕಾರ ನಾನು ಮೇಲೆ ತಗಡನ್ನು ನೋಡುತ್ತಾ ಎರಡನೇ ಹೆಜ್ಜೆ ಇಟ್ಟೆ, ಕಾಲು ಜಾರಿತು, ಆ ಹೆಂಡಿಯಲ್ಲಿ ಕೂತುಬಿಟ್ಟೆ.

“ಅಯ್ಯ ಅಕ್ಕಾರ, ಪೆಟ್ಟಾತೇನ್ರಿ? ನಾ ಮುಂಜಾನಿಂದ ಬಡಕೊಳ್ಳಾಕತ್ತೇನಿ, ಪಾಲಿಶ್ ಕಲ್ಲಿನ ಮ್ಯಾಲ ಸಾರಿಸಿದ್ರ ಜಾರತೈತಿ ಅಂತ.”

ಹೇಳಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ನಾನು ಕೂತಲ್ಲೇ ನಕ್ಕೆ. ಅವಳೂ ನಕ್ಕಳು, ಆಮೇಲೆ ಅಳು ಬಂದು ಸೆರಗು ಬಾಯಿಗೆ ಹಿಡಿದಳು. ನನ್ನ ಸೀರೆಯ ಹಿಂಭಾಗವೆಲ್ಲ ಹೆಂಡಿ. ಅವಳ ಮನೆಯಲ್ಲಿ ಒಂದು ತಂಬಿಗೆ ನೀರೂ ಉಳಿದಿರಲಿಲ್ಲ, ಇದ್ದದ್ದೆಲ್ಲ ಸಾರಿಸಲು ಹೋಗಿತ್ತು. ಹುಸೇನಬಿಯ ಮನೆಯಲ್ಲಿ ನೀರು ಇರುತ್ತದೆ ಎಂದು ಎದುರಿನ ಮನೆಗೆ ಕಳಿಸಿದಳು.

ಹುಸೇನಬಿ ದಾವಲಸಾಬರ ಹೆಂಡತಿ. ಅವರ ಮನೆಯ ಬಾಗಿಲಲ್ಲೂ ಹೆಂಡಿ ಇತ್ತು, ಆದರೆ ಬುಟ್ಟಿಯಲ್ಲಿ. ಗಂಡ ಹೆಂಡತಿ ಅದರ ಎರಡೂ ಬದಿಗೆ ನಿಂತು ವಾದ ಮಾಡುತ್ತಿದ್ದರು. ದಾವಲಸಾಬ ಕಲ್ಲು ಕೊಯ್ಯುವ ಕೆಲಸ ಬಿಟ್ಟು ಮನೆಯಲ್ಲಿದ್ದರು. ಗಿಡ್ಡ ಆಳು, ಅಗಲ ಅಂಗೈ.

“ನೀವ ನ್ಯಾಯ ಹೇಳ್ರಿ ಅಕ್ಕಾರ,” ಅಂದಳು ಹುಸೇನಬಿ. “ಊರ ಮಂದಿ ಮಣ್ಣು ಅಂತ ಬರದ್ರು. ಇವ್ರೊಬ್ರ ಗ್ರಾನೈಟ್ ಅಂತ ಬರದ ಬಂದಾರ. ಮೂರ ಪಟ್ಟು ಎಲ್ಲಿಂದ ತುಂಬೂದ್ರಿ? ಪಟ್ಟಿ ತುಂಬಲಿಲ್ಲಂದ್ರ ಉತಾರ ಇಲ್ಲ, ಉತಾರ ಇಲ್ಲಂದ್ರ ನಳ ಇಲ್ಲ. ಕೊಡ ಹೊತ್ತ ಹೊತ್ತ ನನ್ನ ಕುತ್ತಿಗಿ ಬಿದ್ದ ಹೋಗೇತಿ.”

ಮನೆಯ ದಾಖಲೆಗೆ ನಮ್ಮಲ್ಲಿ ಉತಾರ ಅನ್ನುತ್ತಾರೆ. ಅದಿಲ್ಲದೆ ಮನೆಗೆ ನಲ್ಲಿ ಕೊಡುವಂತಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

“ನನ್ನ ಕೈಲೆ ಹಾಸಿದ ಕಲ್ಲಿಗೆ ಮಣ್ಣು ಅಂತ ನನ್ನ ಕೈಲೆ ಬರೀಲೇನ್ರಿ?” ಅಂದರು ದಾವಲಸಾಬ. “ಅದರ ಮ್ಯಾಲ ಹೆಂಡಿ ಬಳಿತಾಳಂತ. ಬಳೀಲಿ, ನಾ ತೊಳಿತೇನಿ.”

“ತೊಳ್ಯಾಕ ನೀರ ಯಾರ ತರಬೇಕು?” ಅಂದಳು ಹುಸೇನಬಿ.

ಹಾಗೆ ಹೊತ್ತು ತಂದ ನೀರಿನಲ್ಲೇ ಅವಳು ಒಂದು ಕೊಡ ತೆಗೆದು ನನ್ನ ಸೀರೆಗೆ ಸುರಿದಳು.

ಒಳಗೆ ಹೋಗಿ ನೆಲ ನೋಡಿದೆ. ಅಂಗೈಗಿಂತ ದೊಡ್ಡ ತುಂಡು ಒಂದೂ ಇಲ್ಲ. ಕೆಂಪು, ಕಪ್ಪು, ಬೂದಿ, ಹಸಿರು ಚುಕ್ಕೆಯದು, ಹೀಗೆ ಕಾರ್ಖಾನೆಯವರು ಬೇಡವೆಂದು ಬಿಸಾಕಿದ್ದನ್ನೆಲ್ಲ ತಂದು ಕೌದಿ ಹೊಲಿದ ಹಾಗೆ ಸೇರಿಸಿದ್ದರು. ಸಂದಿಯಲ್ಲಿ ಉಗುರು ತೂರುತ್ತಿರಲಿಲ್ಲ. ನಡುವೆ ಒಂದು ಕಡೆ ಮಾತ್ರ ಒಂದು ತುಂಡು ಕೊಂಚ ಎತ್ತರಕ್ಕಿತ್ತು. ಅದೊಂದನ್ನು ಹುಸೇನಬಿ ಕೂರಿಸಿದ್ದು, ಹಾಗೇ ಇರಲಿ ಎಂದು ಬಿಟ್ಟಿದ್ದೇನೆ ಅಂದರು ದಾವಲಸಾಬ. ನನಗೆ ಆ ನೆಲ ಬಹಳ ಹಿಡಿಸಿತು. ಮೇಲೆ ಕತ್ತೆತ್ತಿದೆ. ತಗಡಿನಲ್ಲಿ ಎರಡು ತೂತು.

ಕಚೇರಿಗೆ ಬಂದು ವರದಿ ಬರೆದೆ. ನೆಲ ಮಣ್ಣಲ್ಲ, ಕಲ್ಲು. ಆದರೆ ಈ ಕಲ್ಲು ಊರಿನಲ್ಲಿ ಬಿಟ್ಟಿ ಸಿಗುವಂತಹದು, ಇದು ಸಿರಿವಂತಿಕೆಯ ಲಕ್ಷಣವಲ್ಲ, ಆದ್ದರಿಂದ ಇಂತಹ ಮನೆಗಳ ಗ್ರಾನೈಟ್ ನೆಲವನ್ನು ಮೂರನೇ ದರ್ಜೆಗೆ ಸೇರಿಸಬೇಕು. ಪ್ರಸನ್ನ ಓದಿ ತಲೆ ಕೆರೆದುಕೊಂಡರು. ನಾನು ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಾರ್ಖಾನೆಗಳ ರಸ್ತೆಗೆ ಕರೆದುಕೊಂಡು ಹೋಗಿ ಚೂರುಗಳ ರಾಶಿ ತೋರಿಸಿದೆ. ಒಬ್ಬ ಮುದುಕ ಅದರಲ್ಲಿ ಆರಿಸಿ ಗೋಣಿಚೀಲಕ್ಕೆ ತುಂಬುತ್ತಿದ್ದ. ಪ್ರಸನ್ನ ಬಹಳ ಹೊತ್ತು ನೋಡಿದರು.

“ಸರಿ ಮೇಡಂ. ಸಭೆಗೆ ಇಡೋಣ. ಆದ್ರೆ ಕಮಾನು?”

ಬಜೆಟ್ ಸಭೆಯಲ್ಲಿ ನನ್ನ ಟಿಪ್ಪಣಿಯನ್ನು ಓದಿದ್ದೇ ತಡ ಗದ್ದಲ ಶುರುವಾಯಿತು. ಕಮಾನಿನ ಬಗ್ಗೆ ಅಲ್ಲ. ಸದಸ್ಯರಲ್ಲಿ ಅರ್ಧ ಮಂದಿಗೆ ಕಲ್ಲಿನ ವ್ಯವಹಾರ ಇತ್ತು, ಉಳಿದರ್ಧ ಮಂದಿಯ ಬೀಗರಿಗೆ ಇತ್ತು.

“ಅಕ್ಕಾರ, ಏನ ಬರದೀರಿ ಅನ್ನೂದು ಖಬರ್ ಐತೇನ್ರಿ?” ಅಂದರು ಸಂಗನಗೌಡರು. “ಗ್ರಾನೈಟ್ ಮೂರನೇ ದರ್ಜೆ ಅಂತ ನಮ್ಮ ಸಭಾನ ಠರಾವ್ ಮಾಡಿದ್ರ ನಾಳೆ ನಮ್ಮ ಕಲ್ಲ ಯಾರ ಕೊಳ್ತಾರ? ಗಿರಾಕಿ ಆ ಠರಾವಿನ ಝೆರಾಕ್ಸ್ ಹಿಡಕೊಂಡ ಬಂದ ರೇಟ್ ಇಳಸ್ತಾನ. ಊರ ಮರ್ಯಾದಿ ಪ್ರಶ್ನಿ ಇದು.”

ಇದು ನನಗೆ ಹೊಳೆದೇ ಇರಲಿಲ್ಲ. ಬಡವರ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ, ತೆರಿಗೆ ಕಡಿಮೆಯಾಗುವುದಕ್ಕೂ ತಕರಾರು ಇರಲಿಲ್ಲ. ಗ್ರಾನೈಟ್ ಎಂಬ ಮಾತಿನ ಪಕ್ಕದಲ್ಲಿ ಮೂರನೇ ದರ್ಜೆ ಎಂಬ ಮಾತು ಬರಬಾರದು, ಅಷ್ಟೇ. ಆದರೆ ಅಷ್ಟರಿಂದಲೇ ಟಿಪ್ಪಣಿ ಬಿದ್ದುಹೋಗುವಂತಿತ್ತು. ಬಿದ್ದರೆ ಮಾರ್ಚ್ ಮುಗಿದು ಮೂರು ಪಟ್ಟು ದರವೇ ಜಾರಿಯಾಗುತ್ತಿತ್ತು. ಒಂದು ವರ್ಷ ಅದನ್ನು ಮುಟ್ಟುವಂತಿರಲಿಲ್ಲ. ನನಗೆ ಹುಸೇನಬಿಯ ಕುತ್ತಿಗೆ ನೆನಪಾಯಿತು. ಎದ್ದು ನಿಂತೆ.

“ಗೌಡ್ರ, ಒಂದ ಕೇಳ್ತೇನಿ. ನಿಮ್ಮ ಕಾರ್ಖಾನಿ ಹೊರಗ ರಾಶಿ ಬಿದ್ದೈತೆಲ್ಲ, ಅದನ್ನ ಗಿರಾಕಿಗೆ ಗ್ರಾನೈಟ್ ಅಂತ ಮಾರ್ತೀರೇನ್ರಿ?”

“ಛೇ, ಅದನ್ಯಾಕ ಮಾರೂಣ್ರಿ? ಅದು ಗ್ರಾನೈಟ್ ಅಲ್ಲ. ಅದು ಕಟ್ ಪೀಸ್.”

“ಅದನ್ನ ಬರಕೊಳ್ಳಲೇನ್ರಿ?”

ಗೌಡರು ಸದಸ್ಯರ ಕಡೆ ನೋಡಿದರು. ಸದಸ್ಯರು ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಅಲ್ಲೇ ‘ಗ್ರಾನೈಟ್’ ಹೊಡೆದು ‘ಕಟ್ ಪೀಸ್ ಕಲ್ಲಿನ ನೆಲ’ ಎಂದು ಬರೆದು ಅವರ ಕೈಗೆ ಕೊಟ್ಟೆ. ಮರ್ಯಾದೆಗೆ ಧಕ್ಕೆ ಇಲ್ಲದ ಮಾತು. ಮೇಜು ಕುಟ್ಟಿದರು, ಪಾಸಾಯಿತು. ಮಣ್ಣೂ ಮೂರನೇ ದರ್ಜೆ, ಕಟ್ ಪೀಸೂ ಮೂರನೇ ದರ್ಜೆ ಆದ್ದರಿಂದ ಸುಳ್ಳು ಘೋಷಣೆಯಿಂದ ಯಾರಿಗೂ ನಷ್ಟವಿಲ್ಲವೆಂದು ಪ್ರಸನ್ನ ದಂಡದ ವಿಷಯವನ್ನು ಕೈಬಿಟ್ಟರು. ಆಮೇಲೆ ಗೌಡರಿಗೆ ಕಮಾನು ನೆನಪಾಯಿತು. ಅದರ ಹಣ ಈಗಿಲ್ಲ ಎಂದು ಪ್ರಸನ್ನ ಮೆಲ್ಲಗೆ ಹೇಳಿದರು. ಹಿಂದಿನ ಸಾಲಿನಿಂದ ಯಾರೋ, “ಅದನ್ನೂ ಕಟ್ ಪೀಸಿನಾಗ ಕಟ್ರಿ,” ಅಂದರು. ಗೌಡರು ಅವತ್ತು ನನಗೆ ಚಹಾ ಹೇಳಲಿಲ್ಲ. ಕಮಾನು ಮುಂದಿನ ಅಧ್ಯಕ್ಷರ ಕಾಲದಲ್ಲಿ ಆಯಿತು, ಹೆಸರೂ ಅವರದೇ ಬಂತು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಹೊಸ ದರದ ತಿಳುವಳಿಕೆ ಪತ್ರಗಳನ್ನು ಮನೆಮನೆಗೆ ಹಂಚಿದೆವು. ಒಂದು ವಾರದಲ್ಲಿ ಪ್ರಸನ್ನ ಒಂದು ಅರ್ಜಿ ಹಿಡಿದುಕೊಂಡು ನನ್ನ ಮೇಜಿಗೆ ಬಂದರು.

“ತೆರಿಗೆ ಜಾಸ್ತಿ ಆಯ್ತು ಅಂತ ತಕರಾರು ಕೊಡೋದು ಗೊತ್ತು ಮೇಡಂ. ಇವರು ದರ್ಜೆ ಕಡಿಮೆ ಆಯ್ತು ಅಂತ ಕೊಟ್ಟಿದ್ದಾರೆ. ಹೆಚ್ಚಿಸಬೇಕಂತೆ. ಕಾನೂನಿನಲ್ಲಿ ಇದಕ್ಕೆ ಅವಕಾಶ ಇದೆಯಾ?”

ಅವಕಾಶ ಇಲ್ಲವೆಂದು ಕಾನೂನು ಬರೆದವರು ಎಲ್ಲೂ ಹೇಳಿರಲಿಲ್ಲ. ಇಂತಹ ಮನುಷ್ಯ ಇರುತ್ತಾನೆ ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಅರ್ಜಿ ದಾವಲಸಾಬರದು. ‘ನನ್ನ ನೆಲವನ್ನು ಮೂರನೇ ದರ್ಜೆ ಎಂದು ಬರೆದದ್ದಕ್ಕೆ ನನ್ನ ತಕರಾರು ಇದೆ.’ ಕೆಳಗೆ ಅದೇ ದಪ್ಪ ಗೆರೆ.

ಮರುದಿನ ಬೆಳಿಗ್ಗೆ ಕಚೇರಿ ತೆರೆಯುವ ಮುಂಚೆ ಹುಸೇನಬಿ ಮೆಟ್ಟಿಲ ಮೇಲೆ ಕೂತಿದ್ದಳು.

“ಅಕ್ಕಾರ, ಅದನ್ನ ಹರದ ಒಗೀರಿ. ಪಟ್ಟಿ ತುಂಬೇವಿ, ಉತಾರ ಬಂದೈತಿ, ನಳದಾವ್ರು ಮುಂದಿನ ವಾರ ಬರ್ತೇವಿ ಅಂದಾರ. ಇವ್ರ ಅರ್ಜಿ ಪಾಸ್ ಆದ್ರ ಎಲ್ಲಾ ವಾಪಸ್ ಹೋಗತೈತಿ. ನಿಮ್ಮ ಕಾಲ ಬೀಳ್ತೇನಿ.”

ಕೊಟ್ಟ ತಕರಾರನ್ನು ಹರಿಯುವಂತಿಲ್ಲ, ವಿಚಾರಣೆ ಮಾಡಲೇಬೇಕು. ಬರುತ್ತೇನೆ ಎಂದು ಹೇಳಿ ಅವಳನ್ನು ಕಳಿಸಿದೆ. ತಿರಸ್ಕರಿಸುವುದು ನನ್ನ ಕೈಯಲ್ಲಿತ್ತು. ಆದರೆ ದಾವಲಸಾಬ ಮೇಲ್ಮನವಿ ಹಾಕಿದರೆ ಅದು ಮುಗಿಯುವವರೆಗೆ ನಲ್ಲಿ ನಿಲ್ಲುತ್ತಿತ್ತು. ಹಾಕುವ ಮನುಷ್ಯ ಎಂದು ಆ ಗೆರೆ ನೋಡಿದರೆ ಗೊತ್ತಾಗುತ್ತಿತ್ತು.

ಸಂಜೆ ಹೋದೆ. ಓಣಿಯಲ್ಲಿ ಹೆಂಡಿ ತೊಳೆದುಹೋಗಿತ್ತು, ಎಲ್ಲರ ನೆಲಗಳೂ ಮತ್ತೆ ಹೊಳೆಯುತ್ತಿದ್ದವು. ದಾವಲಸಾಬ ನನ್ನನ್ನು ನೋಡಿ ಎದ್ದು ನಿಂತರು, ಮುಖ ಗಂಟು ಹಾಕಿಕೊಂಡೇ ಇದ್ದರು. ಹುಸೇನಬಿ ಅಡುಗೆಮನೆಯ ಬಾಗಿಲಿಗೆ ಆತು ನಿಂತಳು.

“ದರ್ಜೆ ಹಾಕಿದ್ದು ತೆರಿಗೀಗೆ ದಾವಲಸಾಬ, ನಿಮ್ಮ ಕೆಲಸಕ್ಕಲ್ಲ,” ಅಂದೆ.

“ಕಾಗದದಾಗ ‘ನೆಲ’ ಅನ್ನೂದರ ಮುಂದ ಬರದೀರಿ, ಅಕ್ಕಾರ. ನಾ ಓದೇನಿ.”

ಹೌದು, ಅಲ್ಲೇ ಬರೆದಿದ್ದೆವು.

“ಕಟ್ ಪೀಸ್ ಅಂತ ಬರದೀರಿ, ಅದು ಖರೆ. ಕಟ್ ಪೀಸ ಅವು. ಆದ್ರ ಮೂರನೇ ದರ್ಜೆ ಅಂದ್ರ ಏನ್ರಿ? ಮಣ್ಣಿನ ಜೋಡಿ ಕುಂಡ್ರಿಸೀರಿ.” ಆಮೇಲೆ ಕೇಳಿದರು, “ಗೌಡ್ರ ಬಂಗ್ಲೆದಾಗಿನ ನೆಲಕ್ಕ ಎಷ್ಟನೇದು ಕೊಟ್ರಿ?”

“ಎರಡನೇದು.”

“ಅದನ್ನೂ ನೀವ ನೋಡೀರೇನು?”

“ನಾನ ನೋಡೇನಿ. ಒಳಗ ಹೋಗಿ ಅಳದ ಬಂದೇನಿ.”

“ಚಪ್ಪಲಿ ಬಿಟ್ಟ ಹೋಗಿದ್ರೇನ್ರಿ?”

ನಾನು ಕೆಳಗೆ ನೋಡಿದೆ. ಹೊಸ್ತಿಲಾಚೆ ನನ್ನ ಚಪ್ಪಲಿ, ಈಚೆ ಆ ತುಂಡುಗಳ ಮೇಲೆ ನನ್ನ ಬರಿಗಾಲು. ಅವರು ಹುಸೇನಬಿಯ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು.

“ಇಲ್ಲ,” ಅಂದೆ. “ಹಾಕ್ಕೊಂಡ ಬರ್ರಿ ಅಂದ್ರು. ಹಾಕ್ಕೊಂಡ ಹೋಗಿದ್ದೆ.”

“ಹಂಗೇನ್ರಿ,” ಅಂದರು ದಾವಲಸಾಬ. ಮುಖದ ಗಂಟು ಬಿಚ್ಚಿತು. “ಹಂಗಾರ ಆತ್ ಬಿಡ್ರಿ. ತರ್ರಿ ಇಲ್ಲೆ, ಎಲ್ಲಿ ಸೈ ಮಾಡ್ಲಿ?” ಅರ್ಜಿ ವಾಪಸು ಪಡೆಯುವ ಕಾಗದಕ್ಕೆ ಸಹಿ ಹಾಕಿ, ಒಳಗೆ ತಿರುಗಿ ಅಂದರು, “ಏ, ಅಕ್ಕಾರಿಗೆ ಚಾ ಇಡು.”

“ಇಟ್ಟೇನಿ,” ಅಂದಳು ಹುಸೇನಬಿ. ಅವಳು ಆಗಲೇ ಇಟ್ಟಿದ್ದಳು.

ಮುಂದಿನ ವಾರ ನಲ್ಲಿ ಬಂತು. ತಕರಾರು ಹಿಂಪಡೆದರೂ ಆದೇಶದಲ್ಲಿ ಕಾರಣ ಬರೆಯಲೇಬೇಕು. ‘ಸ್ಥಳ ಪರಿಶೀಲನೆಯ ವೇಳೆ ಅರ್ಜಿದಾರರು ಸಮಾಧಾನ ಹೊಂದಿರುತ್ತಾರೆ’ ಎಂದು ಬರೆದೆ. ಪರಿಶೀಲನೆಗೆ ಒಳಗಾದದ್ದು ನೆಲವೋ ನಾನೋ ಎಂದು ಪ್ರಸನ್ನ ಕೇಳಲಿಲ್ಲ, ಸಹಿ ಹಾಕಿದರು.